ಸೇನೆಗೆ ಸೇರಿದ ಮೇಲೆ ನಡೆದುಕೊಳ್ಳಬೇಕಾದ ರೀತಿ: ಹೊಸ ಸೈನಿಕರಿಗೊಂದು ಮಾರ್ಗದರ್ಶಿ

ಸೇನಾ ಭರ್ತಿಗಾಗಿ 1.6 ಕಿಲೋಮೀಟರ್ ಓಡುವುದು ಹೇಗೆ, ಲಿಖಿತ ಪರೀಕ್ಷೆಗೆ ಸಿದ್ಧವಾಗುವುದು ಹೇಗೆ, ಯಾವ ದಾಖಲೆಗಳನ್ನು ಜೊತೆಗೆ ಒಯ್ಯಬೇಕು ಎಂಬುದನ್ನು ತಿಳಿಸುವ ಬರಹಗಳಿಗೆ ಕನ್ನಡದಲ್ಲಿ ಕೊರತೆಯಿಲ್ಲ. ಆಯ್ಕೆಯಾಗಿ ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಕೇಂದ್ರಕ್ಕೋ ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿಗೋ ತರಬೇತಿಗೆ ಹೊರಟ ಹುಡುಗನಿಗೆ ಮಾತ್ರ ಮನೆಯವರು "ಶಿಸ್ತಿನಿಂದಿರು" ಎಂದಷ್ಟೇ ಹೇಳಿ ಕಳಿಸುತ್ತಾರೆ. ಬೂಟಿನ ಹೊಳಪು, ನಡಿಗೆಯ ಚುರುಕು, ಸೆಲ್ಯೂಟಿನ ಕ್ರಮ ಇವನ್ನೆಲ್ಲ ಉಸ್ತಾದರು ಕೆಲವೇ ವಾರಗಳಲ್ಲಿ ಕಲಿಸಿಬಿಡುತ್ತಾರೆ. ಕೈಗೆ ಬಂದ ಆಯುಧವನ್ನೂ ಅಧಿಕಾರವನ್ನೂ ಎಲ್ಲಿ ಬಳಸಬಾರದು ಎಂಬ ತಿಳಿವಳಿಕೆ ಬರುವುದಕ್ಕೆ ಹೆಚ್ಚು ಕಾಲ ಬೇಕು, ಮತ್ತು ಸೈನಿಕನ ನಡತೆಯ ನಿಜವಾದ ಪರೀಕ್ಷೆ ನಡೆಯುವುದು ಅಲ್ಲಿಯೇ. ಈ ಬರಹ ಮುಖ್ಯವಾಗಿ ಭಾರತೀಯ ಭೂಸೇನೆಗೆ ಸಂಬಂಧಿಸಿದ್ದು; ನೌಕಾಪಡೆಗೂ ವಾಯುಪಡೆಗೂ ಬೇರೆ ಕಾಯ್ದೆಗಳಿದ್ದರೂ ಮೂಲ ನಿಯಮಗಳಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ.

ಪ್ರಮಾಣವಚನವನ್ನು ಅರ್ಥಮಾಡಿಕೊಂಡು ಸ್ವೀಕರಿಸಿ

ತರಬೇತಿ ಮುಗಿದಾಗ ನಡೆಯುವ ಕಸಮ್ ಪರೇಡಿನಲ್ಲಿ ನೀವು ಪ್ರಮಾಣವಚನ ಸ್ವೀಕರಿಸುತ್ತೀರಿ. ಹಿಂದಿಯಲ್ಲಿ ಹೇಳಿಕೊಡುವ ಮಾತುಗಳನ್ನು ನಮ್ಮ ಕಡೆಯ ಎಷ್ಟೋ ಹುಡುಗರು ಅರ್ಥ ತಿಳಿಯದೆ ಒಪ್ಪಿಸಿಬಿಡುತ್ತಾರೆ. ಹಾಗಾಗದಂತೆ ಪರೇಡಿಗೆ ಮೊದಲೇ ಅದರ ಪಠ್ಯವನ್ನು ಪಡೆದು, ಕನ್ನಡ ಬಲ್ಲ ಹಿರಿಯ ಸಂಗಾತಿಯಿಂದ ಒಂದೊಂದೇ ಸಾಲನ್ನು ಬಿಡಿಸಿಕೊಳ್ಳಿ. ಕಾನೂನಿನ ಪ್ರಕಾರ ಸ್ಥಾಪಿತವಾದ ಭಾರತದ ಸಂವಿಧಾನಕ್ಕೆ ನಿಷ್ಠನಾಗಿರುತ್ತೇನೆ ಎಂಬುದು ಅದರ ಮೊದಲ ಭಾಗ. ನೆಲ, ಜಲ, ಆಕಾಶ ಯಾವ ಮಾರ್ಗವಾಗಿಯಾದರೂ ಆದೇಶವಾದಲ್ಲಿಗೆ ಹೋಗುತ್ತೇನೆ, ಪ್ರಾಣಕ್ಕೆ ಅಪಾಯವಾದರೂ ರಾಷ್ಟ್ರಪತಿಯವರ ಮತ್ತು ನನ್ನ ಮೇಲಿನ ಅಧಿಕಾರಿಗಳ ಆಜ್ಞೆಯನ್ನು ಪಾಲಿಸುತ್ತೇನೆ ಎಂಬ ಮಾತುಗಳು ಆಮೇಲೆ ಬರುತ್ತವೆ. ಈ ಕ್ರಮ ಮುಖ್ಯ. ನಿಮ್ಮ ನಿಷ್ಠೆ ಸಲ್ಲುವುದು ಒಬ್ಬ ವ್ಯಕ್ತಿಗಾಗಲಿ, ಪಕ್ಷಕ್ಕಾಗಲಿ, ಜಾತಿ ಅಥವಾ ಪ್ರಾಂತಕ್ಕಾಗಲಿ ಅಲ್ಲ. ಅಧಿಕಾರಿಯ ಆಜ್ಞೆಗೆ ಬಲ ಬರುವುದೂ ಆ ಸಂವಿಧಾನದಿಂದಲೇ.

ಆಜ್ಞಾಪಾಲನೆ ಮತ್ತು ಅದರ ಎಲ್ಲೆ

1950ರ ಸೇನಾ ಕಾಯ್ದೆಯ 41ನೇ ಕಲಂ ಆಜ್ಞೋಲ್ಲಂಘನೆಯನ್ನು ಗಂಭೀರ ಅಪರಾಧವೆಂದು ಪರಿಗಣಿಸುತ್ತದೆ. ಮೇಲಧಿಕಾರಿ ಖುದ್ದಾಗಿ ನೀಡಿದ ಆಜ್ಞೆಯನ್ನು ಧಿಕ್ಕರಿಸಿದವರಿಗೆ 14 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಆದರೆ ಅದೇ ಕಲಂ ಮಾತನಾಡುವುದು ಕಾನೂನುಬದ್ಧವಾದ ಆಜ್ಞೆಯ ಬಗ್ಗೆ ಮಾತ್ರ ಎಂಬುದನ್ನು ಓದುವವರು ಕಡಿಮೆ.

ಇಲ್ಲಿ ಎರಡು ಬಗೆಯ ತಪ್ಪುಗಳಾಗುತ್ತವೆ. ಇಷ್ಟವಿಲ್ಲದ ಕೆಲಸವನ್ನೆಲ್ಲ ಅನ್ಯಾಯವೆಂದು ತಿಳಿಯುವುದು ಒಂದು. ನಡುರಾತ್ರಿಯ ಪಹರೆ, ಅಡುಗೆಮನೆಯ ಸರದಿ, ಮಳೆಯಲ್ಲಿ ಕಂದಕ ತೋಡುವುದು, ಹಬ್ಬದ ದಿನ ಸಿಗದ ರಜೆ ಇವೆಲ್ಲ ಕಷ್ಟವೇ ಆದರೂ ಕಾನೂನುಬಾಹಿರವಲ್ಲ. ಇವುಗಳ ಬಗ್ಗೆ ವಾದಕ್ಕಿಳಿಯದೆ ಮಾಡಿ ಮುಗಿಸಬೇಕು. ಮೇಲಿನವರು ಹೇಳಿದ ಮೇಲೆ ಏನು ಮಾಡಿದರೂ ಹೊಣೆ ತನ್ನದಲ್ಲ ಎಂದು ನಂಬುವುದು ಇನ್ನೊಂದು, ಮತ್ತು ಇದು ಹೆಚ್ಚು ಅಪಾಯಕಾರಿ. ಕೈಕಟ್ಟಿದ ಬಂದಿಯನ್ನು ಹೊಡೆಯುವುದು, ಮನೆಯೊಂದರಿಂದ ಹಣ ಎತ್ತಿಕೊಳ್ಳುವುದು, ನಡೆಯದ ಘಟನೆ ನಡೆಯಿತೆಂದು ಹೇಳಿಕೆಗೆ ಸಹಿ ಹಾಕುವುದು ಇಂಥವು ಎದ್ದುಕಾಣುವಷ್ಟು ಕಾನೂನುಬಾಹಿರ. ಸೈನಿಕನೊಬ್ಬ ಅಪರಾಧವೆಸಗಿದರೆ ಕ್ರಿಮಿನಲ್ ನ್ಯಾಯಾಲಯದ ವಿಚಾರಣೆಯಿಂದ ಆತನಿಗೆ ಸಂಪೂರ್ಣ ವಿನಾಯಿತಿ ಎಂಬುದಿಲ್ಲ ಎಂದು ಸುಪ್ರೀಂ ಕೋರ್ಟ್ ಮಣಿಪುರದ ಪ್ರಕರಣಗಳಲ್ಲಿ 2016ರ ಜುಲೈ 8ರಂದು ಸ್ಪಷ್ಟವಾಗಿ ಹೇಳಿದೆ.

ಅಂಥ ಆದೇಶವೇನಾದರೂ ಬಂದರೆ ಮೊದಲು ಅದನ್ನು ಇನ್ನೊಮ್ಮೆ ಹೇಳುವಂತೆ ವಿನಯದಿಂದ ಕೇಳಿ. ಗಡಿಬಿಡಿಯಲ್ಲಿ ಬಂದ ಅರೆಬರೆ ಮಾತು ಹಲವು ಸಲ ಅಲ್ಲಿಗೇ ಸರಿಹೋಗುತ್ತದೆ. ಆದೇಶ ಬದಲಾಗದಿದ್ದರೆ "ಸಾಬ್, ಇದನ್ನು ನಾನು ಮಾಡಲಾರೆ" ಎಂದು ದನಿಯೇರಿಸದೆ, ಇತರರನ್ನು ಎತ್ತಿಕಟ್ಟದೆ ಹೇಳಿ, ಸಾಧ್ಯವಾದಷ್ಟು ಬೇಗ ಅವರ ಮೇಲಿನ ಅಧಿಕಾರಿಗೆ ತಿಳಿಸಿ. ಸ್ಥಳ, ಸಮಯ, ಅಲ್ಲಿದ್ದವರು ಯಾರು ಎಂಬುದನ್ನು ನೆನಪಿಟ್ಟುಕೊಳ್ಳಿ. ಸೇವೆಯುದ್ದಕ್ಕೂ ಇಂಥ ಗಳಿಗೆ ಬಾರದೆಯೇ ನಿವೃತ್ತರಾಗುವವರೇ ಹೆಚ್ಚು. ಆದರೂ ಏನು ಮಾಡಬೇಕೆಂಬುದನ್ನು ಆ ಗಳಿಗೆಯಲ್ಲಿ ಯೋಚಿಸಲು ಆಗುವುದಿಲ್ಲವಾದ್ದರಿಂದ ಮೊದಲೇ ನಿರ್ಧರಿಸಿಕೊಂಡಿರುವುದು ಒಳ್ಳೆಯದು.

ನಾಗರಿಕರ ನಡುವೆ

ಗಡಿಯಾಚೆಯ ಶತ್ರುವಿಗಿಂತ ದೇಶದೊಳಗಿನ ಕಾರ್ಯಾಚರಣೆಯೇ ನಡತೆಯನ್ನು ಹೆಚ್ಚು ಒರೆಗೆ ಹಚ್ಚುತ್ತದೆ ಎಂಬುದು ನನ್ನ ಅಭಿಪ್ರಾಯ. ಯಾರು ಶಸ್ತ್ರಧಾರಿ, ಯಾರು ಸಾಮಾನ್ಯ ಜನ ಎಂಬುದು ಅಲ್ಲಿ ಮುಖ ನೋಡಿದರೆ ತಿಳಿಯುವುದಿಲ್ಲ. ಸಂಗಾತಿಯನ್ನು ಕಳೆದುಕೊಂಡ ಸಿಟ್ಟು ಹಿಂದಿನ ದಿನದ್ದಾಗಿರುತ್ತದೆ. 1993–94ರಲ್ಲಿ ಸೇನಾ ಮುಖ್ಯಸ್ಥರಾಗಿದ್ದ ಜನರಲ್ ಬಿ.ಸಿ. ಜೋಶಿಯವರು ಇಂಥ ಪ್ರದೇಶಗಳಲ್ಲಿ ಕೆಲಸ ಮಾಡುವ ಸೈನಿಕರಿಗಾಗಿ ಹತ್ತು ಆದೇಶಗಳನ್ನು ಹೊರಡಿಸಿದರು. ಎದುರಿಗಿರುವವರು ನಿಮ್ಮದೇ ದೇಶದ ಜನ ಎಂಬುದನ್ನು ಮರೆಯಬಾರದು, ಮಹಿಳೆಯರ ಮೇಲೆ ಕೈಮಾಡಬಾರದು, ಚಿತ್ರಹಿಂಸೆ ಕೊಡಬಾರದು, ನಾಗರಿಕ ಆಡಳಿತದಲ್ಲಿ ತಲೆಹಾಕಬಾರದು ಎಂಬುದು ಅವುಗಳ ತಿರುಳು. ಗಲಭೆಪೀಡಿತವೆಂದು ಘೋಷಿತವಾದ ಪ್ರದೇಶಗಳಲ್ಲಿ ಸೇನೆಗೆ ಶೋಧ, ಬಂಧನ ಮುಂತಾದ ಅಧಿಕಾರ ಕೊಡುವ ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆಯನ್ನು ಎತ್ತಿಹಿಡಿದ 1997ರ ನವೆಂಬರ್ ತಿಂಗಳ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಸೇನೆಯೇ ರೂಪಿಸಿದ್ದ ಮಾಡಬೇಕಾದ ಮತ್ತು ಮಾಡಬಾರದ ಸಂಗತಿಗಳ ಪಟ್ಟಿಯನ್ನು ಪಾಲಿಸಲೇಬೇಕೆಂದು ಹೇಳಿತು. ಆದ್ದರಿಂದ ಅದು ಇಂದು ಬರಿಯ ಉಪದೇಶವಾಗಿ ಉಳಿದಿಲ್ಲ.

ಇದನ್ನು ಕೆಲಸಕ್ಕೆ ತರುವುದು ಹೀಗೆ. ಶೋಧಕ್ಕೆ ಹೋದಾಗ ಮನೆಯ ಹಿರಿಯರನ್ನೋ ಊರಿನ ಮುಖಂಡರನ್ನೋ ಜೊತೆಗಿಟ್ಟುಕೊಳ್ಳಿ. ಮಹಿಳೆಯರನ್ನು ತಪಾಸಣೆ ಮಾಡುವ ಕೆಲಸವನ್ನು ಮಹಿಳಾ ಸಿಬ್ಬಂದಿಗೇ ಬಿಡಿ. ದೇವರ ಸ್ಥಳಗಳ ಒಳಗೆ ಕಾಲಿಡಬೇಕಾಗಿ ಬಂದರೆ ಅಲ್ಲಿಯ ರೂಢಿಯನ್ನು ಕೇಳಿ ತಿಳಿದುಕೊಳ್ಳಿ. ಶೋಧ ಮುಗಿದ ಮೇಲೆ ಏನೂ ಕಳೆದಿಲ್ಲ, ಮುರಿದಿಲ್ಲ ಎಂಬುದನ್ನು ಮನೆಯವರ ಎದುರಿಗೇ ಖಚಿತಪಡಿಸಿಕೊಳ್ಳಿ. ಅಂಗಡಿಯಲ್ಲಿ ಕೊಂಡ ಬೀಡಿಕಟ್ಟಿಗೂ ಹಣ ಕೊಡಿ, ಅವರು ಬೇಡವೆಂದರೂ ಕೊಡಿ. ಬಂಧಿಸಿದವರನ್ನು ಸಾಧ್ಯವಾದಷ್ಟು ಬೇಗ ಹತ್ತಿರದ ಪೊಲೀಸ್ ಠಾಣೆಗೆ ಒಪ್ಪಿಸಬೇಕೆಂದು ವಿಶೇಷಾಧಿಕಾರ ಕಾಯ್ದೆಯ 5ನೇ ಕಲಂ ಹೇಳುತ್ತದೆ. ವಿಚಾರಣೆಯ ನೆಪದಲ್ಲಿ ಕ್ಯಾಂಪಿನಲ್ಲಿ ಇಟ್ಟುಕೊಳ್ಳಲು ನಿಮಗೆ ಅಧಿಕಾರವಿಲ್ಲ. ವಿಜಯಪುರದ ಹುಡುಗ ಕುಪ್ವಾರದಲ್ಲೋ ನಾಗಾಲ್ಯಾಂಡಿನಲ್ಲೋ ನಿಂತಾಗ ಅಲ್ಲಿಯ ಮಾತಿನಲ್ಲಿ ಕ್ಷೇಮ ವಿಚಾರಿಸುವ ನಾಲ್ಕು ವಾಕ್ಯ ಕಲಿತಿದ್ದರೆ, ಬಂದೂಕಿನಿಂದ ಆಗದ ಎಷ್ಟೋ ಕೆಲಸ ಅದರಿಂದ ಆಗುತ್ತದೆ.

2020ರ ಜುಲೈನಲ್ಲಿ ಕಾಶ್ಮೀರದ ಶೋಪಿಯಾನ್ ಜಿಲ್ಲೆಯ ಅಂಶಿಪೋರಾದಲ್ಲಿ ಮೂವರು ಯುವಕರು ಉಗ್ರರೆಂಬ ಹೆಸರಿನಲ್ಲಿ ಕೊಲ್ಲಲ್ಪಟ್ಟರು. ಅಲ್ಲಿ ವಿಶೇಷಾಧಿಕಾರದ ಎಲ್ಲೆಯನ್ನೂ, ಸುಪ್ರೀಂ ಕೋರ್ಟ್ ಒಪ್ಪಿದ ಸೇನಾ ಮುಖ್ಯಸ್ಥರ ನಿಯಮಗಳನ್ನೂ ಮೀರಲಾಗಿದೆ ಎಂದು ಆ ವರ್ಷದ ಸೆಪ್ಟೆಂಬರಿನಲ್ಲಿ ತಿಳಿಸಿದ್ದು ಸೇನೆಯೇ ನಡೆಸಿದ ತನಿಖೆ. ಇಂಥ ಪ್ರಕರಣಗಳನ್ನು ಮುಚ್ಚಿಟ್ಟರೆ ಪಲ್ಟಣಿನ ಹೆಸರು ಉಳಿಯುತ್ತದೆ ಎಂಬ ತಪ್ಪು ಕಲ್ಪನೆ ಬ್ಯಾರಕ್ಕುಗಳಲ್ಲಿ ಹರಡದಂತೆ ನೋಡಿಕೊಳ್ಳುವುದು ಹಿರಿಯ ಹವಾಲ್ದಾರರ, ಸುಬೇದಾರರ ಹೊಣೆ.

ಸೆರೆಸಿಕ್ಕ ಶತ್ರುವಿನೊಂದಿಗೆ

ಶತ್ರು ಆಯುಧ ಕೆಳಗಿಟ್ಟ ಕ್ಷಣದಿಂದ ಆತನ ಜೀವದ ಹೊಣೆ ನಿಮ್ಮದು. ಜಿನೀವಾ ಒಪ್ಪಂದಗಳಿಗೆ ಭಾರತ ಬದ್ಧವಾಗಿದ್ದು, 1960ರಲ್ಲಿ ಅದಕ್ಕಾಗಿಯೇ ಕಾಯ್ದೆಯನ್ನೂ ಮಾಡಿದೆ. ಗಾಯಗೊಂಡವನಿಗೆ ಚಿಕಿತ್ಸೆ ಕೊಡಿಸಬೇಕು, ನೀರು ಮತ್ತು ಆಹಾರ ಕೊಡಬೇಕು, ಆಯುಧಗಳನ್ನೂ ಸೇನಾ ಕಾಗದಪತ್ರಗಳನ್ನೂ ವಶಪಡಿಸಿಕೊಂಡು ಆತನ ಸ್ವಂತ ವಸ್ತುಗಳನ್ನು ಆತನ ಬಳಿಯೇ ಬಿಡಬೇಕು. ಮೊಬೈಲಿನಲ್ಲಿ ಆತನ ಚಿತ್ರ ತೆಗೆದು ಹಂಚುವುದು, ಹೀಯಾಳಿಸುವುದು ಸಲ್ಲದು. ಇದೇ ನಿಯಮ ನಿಮಗೂ ರಕ್ಷಣೆ: ನೀವೇ ಸೆರೆಸಿಕ್ಕರೆ ಹೆಸರು, ದರ್ಜೆ, ಸೇನಾ ಸಂಖ್ಯೆ, ಜನ್ಮದಿನಾಂಕ ಇಷ್ಟನ್ನು ಹೇಳಿದರೆ ಸಾಕು.

1999ರ ಕಾರ್ಗಿಲ್ ಯುದ್ಧದಲ್ಲಿ ಟೈಗರ್ ಹಿಲ್ ಬಳಿ ಹೋರಾಡಿ ಸತ್ತ ಪಾಕಿಸ್ತಾನದ ಕ್ಯಾಪ್ಟನ್ ಕರ್ನಲ್ ಶೇರ್ ಖಾನ್ (ಕರ್ನಲ್ ಎಂಬುದು ಹೆಸರಿನ ಭಾಗ, ದರ್ಜೆಯಲ್ಲ) ಅವರ ಶವವನ್ನು ಹಿಂದಿರುಗಿಸುವಾಗ, ಅವರ ಶೌರ್ಯವನ್ನು ಮೆಚ್ಚಿ ಬರೆದ ಚೀಟಿಯೊಂದನ್ನು ಭಾರತದ ಬ್ರಿಗೇಡಿಯರ್ ಎಂ.ಪಿ.ಎಸ್. ಬಾಜ್ವಾ ಆ ಶವದ ಜೇಬಿನಲ್ಲಿ ಇರಿಸಿದ್ದರು. ಆ ಕ್ಯಾಪ್ಟನ್‌ಗೆ ಮುಂದೆ ಅವರ ದೇಶದ ಅತ್ಯುಚ್ಚ ಶೌರ್ಯ ಪದಕವಾದ ನಿಶಾನ್-ಎ-ಹೈದರ್ ದೊರೆಯಿತು.

ಕೊಡಗಿನ ಇಬ್ಬರು ಸೇನಾನಿಗಳ ನಡತೆಯನ್ನೂ ಇಲ್ಲಿ ನೆನೆಯಬೇಕು. ಕೊರಿಯಾ ಯುದ್ಧ ನಿಂತ ಮೇಲೆ, 1953ರಲ್ಲಿ, ಸ್ವದೇಶಕ್ಕೆ ಮರಳಲು ಒಪ್ಪದ 22,000ಕ್ಕೂ ಹೆಚ್ಚು ಯುದ್ಧಕೈದಿಗಳ ವಿಷಯವನ್ನು ನಿರ್ವಹಿಸಲು ರಚಿತವಾದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಕೆ.ಎಸ್. ತಿಮ್ಮಯ್ಯನವರು ಅಧ್ಯಕ್ಷರಾಗಿದ್ದರು. ಎರಡೂ ಬಣಗಳ ಒತ್ತಡವಿದ್ದರೂ ಕೈದಿಗಳನ್ನು ಬಲವಂತದಿಂದ ಯಾವ ಕಡೆಗೂ ತಳ್ಳಬಾರದೆಂಬ ನಿಯಮವನ್ನು ಅವರು ಬಿಟ್ಟುಕೊಡಲಿಲ್ಲ. ಕೆ.ಎಂ. ಕಾರ್ಯಪ್ಪನವರ ಮಗ, ವಾಯುಪಡೆಯ ಪೈಲಟ್, 1965ರ ಯುದ್ಧದಲ್ಲಿ ಪಾಕಿಸ್ತಾನದ ಸೆರೆಗೆ ಸಿಕ್ಕಾಗ, ವಿಭಜನೆಗೆ ಮೊದಲು ಕಾರ್ಯಪ್ಪನವರ ಕೈಕೆಳಗೆ ದುಡಿದಿದ್ದ, ಆಗಿನ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್, ಆ ಮಗನನ್ನು ಬಿಡುಗಡೆ ಮಾಡುವ ಸೂಚನೆ ಕಳಿಸಿದರಂತೆ. ಉಳಿದ ಕೈದಿಗಳಿಗೆ ಸಿಗದ ಯಾವ ಸೌಲಭ್ಯವೂ ತಮ್ಮ ಮಗನಿಗೆ ಬೇಡವೆಂದು ಕಾರ್ಯಪ್ಪ ತಿಳಿಸಿದರು. ಶಿಫಾರಸು ಪತ್ರ ಹಿಡಿದು ವರ್ಗಾವಣೆಗೆ ಓಡಾಡುವವರಿಗೆ ಈ ಪ್ರಸಂಗವನ್ನು ಹೇಳಿದರೆ ಹಿಡಿಸುವುದಿಲ್ಲ, ಆದರೂ ಹೇಳಬೇಕು.

ಮೊಬೈಲು ಮತ್ತು ಗೋಪ್ಯತೆ

2020ರ ಜುಲೈನಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸೇರಿದಂತೆ 89 ಆ್ಯಪ್‌ಗಳನ್ನು ತೆಗೆದುಹಾಕುವಂತೆ ಸೇನೆ ತನ್ನ ಸಿಬ್ಬಂದಿಗೆ ಆದೇಶಿಸಿತ್ತು. ನಿಯಮಗಳು ಕಾಲಕಾಲಕ್ಕೆ ಬದಲಾಗುತ್ತವಾದ್ದರಿಂದ ಈಗ ಯಾವುದಕ್ಕೆ ಅನುಮತಿಯಿದೆ ಎಂಬುದನ್ನು ಯೂನಿಟ್ಟಿನಲ್ಲಿಯೇ ಕೇಳಿ ತಿಳಿದುಕೊಳ್ಳಿ. ಎಲ್ಲಿದ್ದೀರಿ, ಯಾವಾಗ ಹೊರಡುತ್ತೀರಿ, ಯಾವ ಶಸ್ತ್ರ ಬಂದಿದೆ ಎಂಬ ಮಾತು ಹೆಂಡತಿಯ ಬಳಿಯೂ ಬೇಡ. ಅಪರಿಚಿತ ಹೆಣ್ಣಿನ ಹೆಸರಿನಲ್ಲಿ ಗೆಳೆತನ ಬೆಳೆಸಿ, ಕೊನೆಗೆ ಗುಟ್ಟು ಕೇಳುವ ಬೇಹುಗಾರರ ಬಲೆಗೆ ಬಿದ್ದು 1923ರ ಅಧಿಕೃತ ರಹಸ್ಯ ಕಾಯ್ದೆಯಡಿ ಬಂಧಿತರಾದವರಿದ್ದಾರೆ. ಬಲೆಗೆ ಬಿದ್ದೆನೆಂಬ ಅನುಮಾನ ಬಂದ ಕೂಡಲೇ, ನಾಚಿಕೆಯನ್ನು ಬದಿಗಿಟ್ಟು ಕಂಪನಿ ಕಮಾಂಡರಿಗೆ ತಿಳಿಸಿ. ತಡಮಾಡಿದಷ್ಟೂ ಬೆದರಿಕೆಯ ಹಿಡಿತ ಬಿಗಿಯಾಗುತ್ತದೆ.

ನಮ್ಮ ಹಳ್ಳಿಗಳದೇ ಆದ ತೊಂದರೆಯೊಂದಿದೆ. ರಜೆಗೆ ಬಂದ ಹುಡುಗನಿಗೆ ಬಸ್‌ನಿಲ್ದಾಣದಲ್ಲಿ ದೊಡ್ಡ ಫ್ಲೆಕ್ಸ್ ಕಟ್ಟಿ, ಸಮವಸ್ತ್ರದ ಭಾವಚಿತ್ರದ ಕೆಳಗೆ ರೆಜಿಮೆಂಟಿನ ಹೆಸರು, ಈಗ ಸೇವೆಯಲ್ಲಿರುವ ಸ್ಥಳ ಎಲ್ಲವನ್ನೂ ಅಚ್ಚುಹಾಕಿಸಿ, ಅದನ್ನೇ ವಾಟ್ಸ್ಆ್ಯಪ್‌ನಲ್ಲಿ ಹರಿಬಿಡುತ್ತಾರೆ. ಅಭಿಮಾನವನ್ನು ನೋಯಿಸದೆ, ಹೆಸರು ಮತ್ತು ಚಿತ್ರದ ಹೊರತು ಬೇರೇನೂ ಬೇಡವೆಂದು ಗೆಳೆಯರಿಗೆ ಮೊದಲೇ ಹೇಳಿಡಿ.

ರಜೆ, ಹಣ, ರಾಜಕೀಯ

ರಜೆ ಮುಗಿದ ಮೇಲೂ ಊರಿನಲ್ಲಿ ಉಳಿಯುವುದು ಸೇನಾ ಕಾಯ್ದೆಯ 39ನೇ ಕಲಮಿನಡಿ ಅಪರಾಧ, ಮತ್ತು ಅನುಮತಿಯಿಲ್ಲದ ಗೈರುಹಾಜರಿ 30 ದಿನ ದಾಟಿದರೆ ವಿಚಾರಣಾ ಮಂಡಳಿ ಕೂರುತ್ತದೆ. ಕಾಯಿಲೆ ಬಿದ್ದರೆ ಹತ್ತಿರದ ಸೇನಾ ಆಸ್ಪತ್ರೆಗೆ, ಅದಿಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ, ದಾಖಲೆ ಪಡೆದು, ಅಂದೇ ಯೂನಿಟ್ಟಿಗೆ ತಿಳಿಸಿ. ಕ್ಯಾಂಟೀನಿನಲ್ಲಿ ಸಿಗುವ ಮದ್ಯವನ್ನು ಊರಿನಲ್ಲಿ ಮಾರುವುದು, ರೇಷನ್ನನ್ನೋ ಡೀಸೆಲ್ಲನ್ನೋ ಹೊರಗೆ ಸಾಗಿಸುವುದು ಕಳ್ಳತನವೇ. ಭರ್ತಿಗೆ ಸಹಾಯ ಮಾಡುತ್ತೇನೆಂದು ಊರಿನ ಹುಡುಗರಿಂದ ಒಂದು ರೂಪಾಯಿಯನ್ನೂ ಮುಟ್ಟಬೇಡಿ. ಓಟದ ಅಭ್ಯಾಸ ಮಾಡಿಸಿ, ಅಷ್ಟು ಸಾಕು.

ಸಂವಿಧಾನದ 33ನೇ ವಿಧಿಯ ಪ್ರಕಾರ ಸೈನಿಕರ ಕೆಲವು ಮೂಲಭೂತ ಹಕ್ಕುಗಳನ್ನು ಸಂಸತ್ತು ಮಿತಿಗೊಳಿಸಬಹುದು. ಅದರಂತೆ ನೀವು ರಾಜಕೀಯ ಪಕ್ಷದ ಸದಸ್ಯರಾಗುವಂತಿಲ್ಲ, ಅದರ ಸಭೆ ಮೆರವಣಿಗೆಗಳಲ್ಲಿ ಭಾಗವಹಿಸುವಂತಿಲ್ಲ, ದೇಣಿಗೆ ಕೊಡುವಂತಿಲ್ಲ, ಅನುಮತಿಯಿಲ್ಲದೆ ಪತ್ರಿಕೆಗಳಿಗೆ ಬರೆಯುವಂತಿಲ್ಲ. ಚುನಾವಣೆಗೆ ನಿಂತ ಚಿಕ್ಕಪ್ಪ ಸಮವಸ್ತ್ರದಲ್ಲಿ ಪಕ್ಕಕ್ಕೆ ನಿಲ್ಲು ಎಂದರೂ ನಿಲ್ಲಬಾರದು. ಮತದಾನದ ಹಕ್ಕು ಮಾತ್ರ ಪೂರ್ಣವಾಗಿ ನಿಮ್ಮದು. ಸೇವಾ ಮತದಾರರಾಗಿ ಹೆಸರು ನೋಂದಾಯಿಸಿ ಅಂಚೆ ಮತ ಚಲಾಯಿಸಿ.

ಸಹೋದ್ಯೋಗಿಗಳು ಮತ್ತು ದೂರು

ಬೆಂಗಳೂರಿನ ಸೇನಾ ಪೊಲೀಸ್ ಕೇಂದ್ರದಿಂದ 83 ಮಹಿಳಾ ಸೈನಿಕರ ಮೊದಲ ತಂಡ 2021ರ ಮೇ ತಿಂಗಳಲ್ಲಿ ಹೊರಬಂದಿತು. ದರ್ಜೆಯಲ್ಲಿ ಮೇಲಿರುವವರು ಹೆಣ್ಣಾದರೂ ಗಂಡಾದರೂ ಸಲ್ಲುವ ಗೌರವ ಒಂದೇ. ಕಿರಿಯ ದರ್ಜೆಯವರಿಗೆ ಸಿಗಬೇಕಾದ ರಕ್ಷಣೆಯೂ ಒಂದೇ.

ಕೈಕೆಳಗಿನವರನ್ನು ಹೊಡೆಯುವುದು ಅಥವಾ ಹಿಂಸಿಸುವುದು ಸೇನಾ ಕಾಯ್ದೆಯ 47ನೇ ಕಲಮಿನಡಿ 7 ವರ್ಷಗಳವರೆಗೆ ಶಿಕ್ಷೆಗೆ ಗುರಿಪಡಿಸುವ ಅಪರಾಧ. ಹೊಸಬರನ್ನು "ಗಟ್ಟಿ ಮಾಡುವ" ಹೆಸರಿನಲ್ಲಿ ನಡೆಯುವ ಹೊಡೆತಗಳಿಗೂ ಇದು ಅನ್ವಯಿಸುತ್ತದೆ. ಅನ್ಯಾಯವಾದರೆ 26ನೇ ಕಲಂ ದೂರು ಕೊಡುವ ಹಕ್ಕನ್ನು ನಿಮಗೆ ಕೊಟ್ಟಿದೆ. ಸೆಕ್ಷನ್ ಕಮಾಂಡರಿಂದ ಆರಂಭಿಸಿ, ಪ್ಲಟೂನಿನ ಜೆಸಿಒ (ಸುಬೇದಾರ್ ಮುಂತಾದ ದರ್ಜೆಯ ಕಿರಿಯ ಅಧಿಕಾರಿ), ಕಂಪನಿ ಕಮಾಂಡರ್ ಹೀಗೆ ಒಂದೊಂದೇ ಮೆಟ್ಟಿಲು ಹತ್ತಿ, ಅಗತ್ಯವಾದರೆ ಕಮಾಂಡಿಂಗ್ ಆಫೀಸರ ಭೇಟಿ ಕೇಳಿ. ದೂರು ಒಬ್ಬ ಅಧಿಕಾರಿಯ ವಿರುದ್ಧವೇ ಇದ್ದರೆ ಅವರ ಮೇಲಿನವರಿಗೆ ಸಲ್ಲಿಸಬಹುದು. ತಿಂಗಳ ಸೈನಿಕ ಸಮ್ಮೇಳನದಲ್ಲಿ ಸಾಮಾನ್ಯ ಸಮಸ್ಯೆಗಳನ್ನು ಎತ್ತಬಹುದು. ದೂರು ನಿಮ್ಮೊಬ್ಬರದೇ ಆಗಿರಲಿ. ಹತ್ತು ಜನರ ಸಹಿ ಸಂಗ್ರಹಿಸಲು ಹೊರಟರೆ ಅದು ದಂಗೆಗೆ ಪ್ರಚೋದನೆಯಂತೆ ಕಾಣಬಹುದು. ವಿಡಿಯೊ ಮಾಡಿ ಜಾಲತಾಣಕ್ಕೆ ಹಾಕುವುದರಿಂದ ದೂರಿನಲ್ಲಿ ಸತ್ಯವಿದ್ದರೂ ತಪ್ಪಿತಸ್ಥರಾಗುವವರು ನೀವೇ. ಒಳಗೆ ನ್ಯಾಯ ಸಿಗದಿದ್ದರೆ, 2007ರ ಕಾಯ್ದೆಯಂತೆ ಸ್ಥಾಪಿತವಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಬಾಗಿಲು ತೆರೆದಿದೆ. ಸುಳ್ಳೆಂದು ತಿಳಿದೂ ಮಾಡುವ ಆರೋಪ ಸೇನಾ ಕಾಯ್ದೆಯ 56ನೇ ಕಲಮಿನಡಿ ಶಿಕ್ಷಾರ್ಹ ಎಂಬುದೂ ಗೊತ್ತಿರಲಿ.

ಅಗ್ನಿವೀರರಾಗಿ ಸೇರಿದವರಲ್ಲಿ ನಾಲ್ಕು ವರ್ಷಗಳ ಬಳಿಕ ಗರಿಷ್ಠ ಶೇ. 25ರಷ್ಟು ಮಂದಿಯನ್ನು ಮಾತ್ರ ಉಳಿಸಿಕೊಳ್ಳುವ ವ್ಯವಸ್ಥೆಯಿದೆ. ಹೊರಬಂದವರು ಸೇವೆಯಲ್ಲಿ ತಿಳಿದ ಗೋಪ್ಯ ಸಂಗತಿಗಳನ್ನು ಆ ಮೇಲೂ ಹೊರಗೆಡಹುವಂತಿಲ್ಲ; ಅಧಿಕೃತ ರಹಸ್ಯ ಕಾಯ್ದೆ ಮಾಜಿ ಸೈನಿಕರಿಗೂ ಅನ್ವಯಿಸುತ್ತದೆ. ಹೊಸ ಉದ್ಯೋಗದ ಸಂದರ್ಶನದಲ್ಲಿ ಅನುಭವ ಹೇಳಿಕೊಳ್ಳುವಾಗ ಪಡೆದ ತರಬೇತಿ, ನಿರ್ವಹಿಸಿದ ಜವಾಬ್ದಾರಿ ಇಷ್ಟಕ್ಕೇ ನಿಲ್ಲಿಸಿ, ಠಾಣೆ, ಸಲಕರಣೆ, ಕಾರ್ಯಾಚರಣೆಗಳ ವಿವರಗಳನ್ನು ಬಿಟ್ಟುಬಿಡಿ.