ಸರ್ಕಾರಿ ಶಾಲೆಯಲ್ಲಿ ಪೂಜೆ ನಡೆದರೆ ಪಾಲಕರು ಹೇಗೆ ಕೇಳಬೇಕು

ನಾನು ದಾವಣಗೆರೆಯ ಒಂದು ಸರ್ಕಾರಿ ಶಾಲೆಯಲ್ಲಿ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯನಾಗಿದ್ದಾಗ ಶಾರದಾ ಪೂಜೆ ಇಟ್ಟುಕೊಂಡಿದ್ದರು. ಮಂಗಳಾರತಿ ತಟ್ಟೆ ಸಾಲಿನುದ್ದಕ್ಕೂ ಬಂತು. ಕೊನೆಯಲ್ಲಿದ್ದ ಹುಡುಗ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಒಮ್ಮೆ ತಟ್ಟೆ ನೋಡಿದ, ಒಮ್ಮೆ ಮೇಷ್ಟ್ರ ಮುಖ ನೋಡಿದ. "ತಗೊಳ್ಳೋ" ಅಂದರು. ತಗೊಂಡ. ನಮ್ಮ ಮನೆಯಲ್ಲಿ ದಿನಾ ದೀಪ ಹಚ್ಚುತ್ತೇವೆ, ಪೂಜೆ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ ಹುಡುಗನ ಮುಖ ಇವತ್ತಿಗೂ ಮರೆತಿಲ್ಲ.

ಇಂಥದ್ದು ಕಂಡರೆ ಶಾಲೆ ಯಾವ ಥರದ್ದು ಅಂತ ಮೊದಲು ನೋಡಿ. ಸಂವಿಧಾನದ 28ನೇ ವಿಧಿ ಪ್ರಕಾರ, ಪೂರ್ತಿ ಸರ್ಕಾರದ ದುಡ್ಡಲ್ಲಿ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಇರುವಂತಿಲ್ಲ. ಮಠದವರು, ಚರ್ಚಿನವರು ನಡೆಸುವ ಅನುದಾನಿತ ಶಾಲೆಗಳು ನಮ್ಮ ಕಡೆ ಬೇಕಾದಷ್ಟಿವೆ, ಅಲ್ಲಿ ಪ್ರಾರ್ಥನೆ ಪೂಜೆ ಇರಬಹುದು, ಆದರೆ ಪಾಲಕರ ಒಪ್ಪಿಗೆ ಇಲ್ಲದೆ ಮಕ್ಕಳನ್ನು ಅದಕ್ಕೆ ಕೂರಿಸುವಂತಿಲ್ಲ.

ಪಾಠ ಬೇರೆ, ಪೂಜೆ ಬೇರೆ. ವಚನ ಓದಿಸಿದರು, ಹರಿಹರದ ದೇವಸ್ಥಾನದ ಇತಿಹಾಸ ಹೇಳಿದರು, ಮೊಹರಂ ಅಂದರೇನು ಅಂತ ತಿಳಿಸಿದರು ಅಂತ ತಕರಾರು ತೆಗೆಯಬೇಡಿ. ಎಲ್ಲ ಧರ್ಮಗಳ ಬಗ್ಗೆ ತಿಳಿಸುವುದು ಧರ್ಮಬೋಧನೆ ಅಲ್ಲ ಅಂತ 2002ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಗೋಡೆ ಮೇಲಿನ ದೇವರ ಫೋಟೊ ಸ್ವಲ್ಪ ಕಷ್ಟದ ವಿಷಯ. ಅಮೆರಿಕದ ಕೆಂಟಕಿಯಲ್ಲಿ ತರಗತಿ ಗೋಡೆಗೆ ಬೈಬಲಿನ ಹತ್ತು ಆಜ್ಞೆ ಹಾಕಿಸುವ ಕಾನೂನಿತ್ತು, 1980ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅದನ್ನು ಹೊಡೆದು ಹಾಕಿತು. ನಮ್ಮ 28ನೇ ವಿಧಿಯಲ್ಲಿ ಫೋಟೊ ಅನ್ನುವ ಮಾತೇ ಇಲ್ಲ. ಅದಕ್ಕೇ ಫೋಟೊ ತೆಗೆಸಿ ಅಂತ ಶುರು ಮಾಡಬೇಡಿ. ಮಕ್ಕಳಿಂದ ಕೈ ಮುಗಿಸುತ್ತಾರಾ, ಚಂದಾ ಎತ್ತುತ್ತಾರಾ, ಅದನ್ನು ಕೇಳಿ.

ಹೆಡ್‌ಮಾಸ್ಟರ್ ಹತ್ತಿರ ಸಂಜೆ ಬೆಲ್ ಹೊಡೆದ ಮೇಲೆ ಒಬ್ಬರೇ ಹೋಗಿ. "ಸರ್, ಯಾರನ್ನೂ ಸಾಲಲ್ಲಿ ನಿಲ್ಲಿಸಬೇಡಿ" ಅಂತ ಸಮಾಧಾನದಲ್ಲಿ ಹೇಳಿ. ಹಿಂದಿನಿಂದ ನಡೆದು ಬಂದದ್ದು ಅಂತ ಸುಮ್ನೆ ಮಾಡುವವರೇ ಜಾಸ್ತಿ, ಅವರನ್ನು ಯಾರೂ ಕೇಳಿರುವುದಿಲ್ಲ. ವಾಟ್ಸಾಪ್ ಗ್ರೂಪಿಗೆ ಮಾತ್ರ ವಿಡಿಯೊ ಹಾಕಬೇಡಿ, ದಯವಿಟ್ಟು. ಊರು ಎರಡು ಪಾಲಾಗುತ್ತದೆ, ಮಾರನೇ ದಿನ ಅದೇ ಕ್ಲಾಸಿಗೆ ಹೋಗಿ ಕೂರಬೇಕಾದದ್ದು ಮಗು ಅಲ್ವಾ?

ಮಗು ಬೇಡ ಅಂದರೆ ಅದು ಅವಿಧೇಯತೆ ಅಲ್ಲ. ಕೇರಳದ ಮೂರು ಮಕ್ಕಳು ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತರು, ತಮ್ಮ ನಂಬಿಕೆಗಾಗಿ ಹಾಡಲಿಲ್ಲ. ಅವರನ್ನು ಶಾಲೆಯಿಂದ ಹೊರಹಾಕಿದ್ದು ತಪ್ಪು ಅಂತ ಸುಪ್ರೀಂ ಕೋರ್ಟು 1986ರಲ್ಲಿ ತೀರ್ಪು ಕೊಟ್ಟಿತು.

ಮಾತಿಗೆ ಬಗ್ಗದಿದ್ದರೆ ಎಸ್‌ಡಿಎಂಸಿ ಸಭೆಯಲ್ಲಿ ವಿಷಯ ಇಡಿ, ಆಮೇಲೆ ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಅರ್ಜಿ ಕೊಡಿ. ಚಂದಾ ಎತ್ತಿದ್ದರೆ ಅದರ ಲೆಕ್ಕ, ಪೂಜೆಗೆ ಅನುಮತಿ ಕೊಟ್ಟ ಆದೇಶದ ಪ್ರತಿ, ಎರಡನ್ನೂ ಮಾಹಿತಿ ಹಕ್ಕಿನಲ್ಲಿ ಕೇಳಬಹುದು. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ಅರ್ಜಿಯಲ್ಲಿ ಮಗುವಿನ ಹೆಸರು, ತರಗತಿ ಬರೆಯಬೇಡಿ. ಇನ್ನೊಂದು ಪ್ರತಿಗೆ ಸೀಲು, ತಾರೀಖು ಹಾಕಿಸಿಕೊಂಡೇ ಆಫೀಸಿನಿಂದ ಹೊರಡಿ.