ಡ್ರೈವರ್ ಕಣ್ಣು ಎಲ್ಲಿತ್ತು? ಕ್ಯಾಮೆರಾ ಹಾಕಿ ನೋಡಿದೆ

ಮಡಿಕೇರಿಯಲ್ಲಿ ನನ್ನದು ಹಳದಿ ಬೋರ್ಡ್ ಗಾಡಿಗಳ ಸಣ್ಣ ವ್ಯವಹಾರ. ನಮ್ಮ ಜಿಲ್ಲೆಗೆ ರೈಲು ಇಲ್ಲ, ಬರುವ ಪ್ರವಾಸಿಗರೆಲ್ಲ ರಸ್ತೆಯಲ್ಲೇ ಬರಬೇಕು. ಆದ್ದರಿಂದ ಡ್ರೈವರ್ ಗಮನ ಎಲ್ಲಿರುತ್ತದೆ ಎನ್ನುವುದು ನನಗೆ ಹೊಟ್ಟೆಪಾಡಿನ ಪ್ರಶ್ನೆ. ರಸ್ತೆ ಮತ್ತು ಡ್ರೈವರ್ ಮುಖ ಎರಡನ್ನೂ ಒಟ್ಟಿಗೆ ಹಿಡಿಯುವ ಕ್ಯಾಮೆರಾವನ್ನು ಗಾಡಿಗಳಿಗೆ ಹಾಕಿಸಿದೆ.

ಹುಡುಗರು ಮೊದಲು ಒಪ್ಪಲಿಲ್ಲ. "ನಮ್ಮ ಮೇಲೆ ನಂಬಿಕೆ ಇಲ್ವಾ ಅಣ್ಣ?" ಎಂದರು. ಮಾತುಕತೆ ರೆಕಾರ್ಡ್ ಮಾಡುವುದಿಲ್ಲ, ಸಂಬಳ ಹಿಡಿಯುವುದಿಲ್ಲ, ಯಾರ ವಿಡಿಯೊ ಆದರೂ ಅವರ ಜೊತೆ ಕೂತೇ ನೋಡುತ್ತೇನೆ ಎಂದು ಮಾತು ಕೊಟ್ಟ ಮೇಲೆ ಸರಿ ಎಂದರು.

ಈ ಉಪಾಯ ನನ್ನದಲ್ಲ. ಅಮೆರಿಕದ ವರ್ಜೀನಿಯಾ ಟೆಕ್ ಸಂಶೋಧಕರು ನೂರು ಕಾರುಗಳಿಗೆ ಹೀಗೇ ಕ್ಯಾಮೆರಾ ಹಾಕಿ, 2006ರಲ್ಲಿ ವರದಿ ಕೊಟ್ಟರು. ಡಿಕ್ಕಿಗಳಲ್ಲಿ ಸುಮಾರು ಶೇ. 80ರಷ್ಟರಲ್ಲಿ, ಅದಕ್ಕೆ ಮುಂಚಿನ ಮೂರು ಸೆಕೆಂಡಿನೊಳಗೆ ಡ್ರೈವರ್ ಗಮನ ರಸ್ತೆಯ ಮೇಲಿರಲಿಲ್ಲ. ಎರಡು ಸೆಕೆಂಡಿಗಿಂತ ಹೆಚ್ಚು ಕಣ್ಣು ಆಚೆ ಹೋದರೆ ಅಪಾಯ ಎರಡು ಪಟ್ಟಾದರೂ ಏರುತ್ತದೆ ಎಂದೂ ಅವರು ಕಂಡರು. ನಾನೂ ಎರಡು ಸೆಕೆಂಡಿನ ಗೆರೆಯನ್ನೇ ಇಟ್ಟುಕೊಂಡೆ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಅಷ್ಟು ಹೊತ್ತಿಗೆ ಗಾಡಿ 22 ಮೀಟರ್ ಹೋಗಿರುತ್ತದೆ. ಸಂಪಾಜೆ ಘಾಟಿಯಲ್ಲಿ ಅಷ್ಟರೊಳಗೆ ಎದುರಿನ ಬಸ್ಸು ತಿರುವು ದಾಟಿ ಮುಂದೆ ಬಂದು ನಿಂತಿರುತ್ತದೆ. ಕನ್ನಡಿ ನೋಡಿದ್ದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಉಳಿದದ್ದಕ್ಕೆಲ್ಲ ಜಾಗ ಮತ್ತು ಕಾರಣವನ್ನು ನೋಟ್‌ಬುಕ್ಕಿನಲ್ಲಿ ಬರೆದೆ.

ಘಾಟಿಯ ತಿರುವುಗಳಲ್ಲಿ ಬರೆಯುವುದಕ್ಕೆ ಹೆಚ್ಚೇನೂ ಸಿಗಲಿಲ್ಲ. ಅಲ್ಲಿ ಭಯ ಇದೆ, ಕಣ್ಣು ರಸ್ತೆಯಲ್ಲೇ ಇರುತ್ತದೆ. ಸಿಕ್ಕಿದ್ದು ನೆಟ್‌ವರ್ಕ್ ಮತ್ತೆ ಹಿಡಿಯುವ ಜಾಗಗಳಲ್ಲಿ. ಮಳೆಗಾಲದಲ್ಲಿ ಕರೆಂಟ್ ಹೋದರೆ ಟವರೂ ಹೋಗುತ್ತದೆ. ಆಮೇಲೆ ಎಲ್ಲೋ ಒಂದು ಕಡೆ ಸಿಗ್ನಲ್ ಬಂದ ಕೂಡಲೇ ಬಾಕಿ ಮೆಸೇಜುಗಳೆಲ್ಲ ಒಟ್ಟಿಗೆ ಟಣ್ ಟಣ್ ಎಂದು ಬೀಳುತ್ತವೆ. ಹೆಚ್ಚಿನವು ಹೋಂಸ್ಟೇಗಳವು: "ಎಲ್ಲಿ ತಲುಪಿದ್ರಿ? ಊಟ ರೆಡಿ ಮಾಡ್ಬೇಕಾ?" ಈಗ ಹೋಂಸ್ಟೇಯವರಿಗೆ ಡ್ರೈವರ್ ನಂಬರ್ ಕೊಡುವುದಿಲ್ಲ, ಆಫೀಸಿನದು ಕೊಡುತ್ತೇವೆ. ಮೈಸೂರು ಕಡೆಯಿಂದ ಬರುವ ಗಾಡಿ ಕುಶಾಲನಗರದಲ್ಲಿ ನಿಂತಾಗ ಡ್ರೈವರೇ ಫೋನ್ ಮಾಡುತ್ತಾನೆ.

"ಬ್ಲೂಟೂತ್ ಇದೆಯಲ್ಲ ಅಣ್ಣ, ಕೈ ಸ್ಟೀರಿಂಗ್ ಮೇಲೇ ಇರ್ತದೆ" ಎಂಬ ವಾದ ಬಹಳ ದಿನ ನಡೆಯಿತು. 2019ರ ಮೋಟಾರು ವಾಹನ ತಿದ್ದುಪಡಿ ಕೂಡ ಕೈಯಲ್ಲಿ ಹಿಡಿಯುವ ಸಾಧನದ ಮಾತನ್ನಷ್ಟೇ ಆಡುತ್ತದೆ. ಆದರೆ ಯೂಟಾ ವಿಶ್ವವಿದ್ಯಾಲಯದ ಡೇವಿಡ್ ಸ್ಟ್ರೇಯರ್ 2001ರಲ್ಲೇ ತೋರಿಸಿದ್ದಾರೆ: ಫೋನ್ ಕೈಯಲ್ಲಿರಲಿ ಬಿಡಲಿ, ಸಂಭಾಷಣೆ ಮಾಡುವವನು ಕೆಂಪು ದೀಪವನ್ನು ತಪ್ಪಿಸಿಕೊಳ್ಳುವುದು ಒಂದೇ ಥರ. ಪಕ್ಕದ ಸೀಟಿನವರ ಮಾತು ಬೇರೆ. ಎದುರು ಲಾರಿ ಕಂಡರೆ ಅವರೇ ಬಾಯಿ ಮುಚ್ಚುತ್ತಾರೆ. ಫೋನಿನ ಆಚೆಯವರಿಗೆ ಲಾರಿ ಕಾಣುವುದಿಲ್ಲ. ಸಂಶೋಧನೆಗಿಂತ ಈ ಮಾತೇ ಹುಡುಗರಿಗೆ ನಾಟಿತು.

ಇನ್ನು ಹೊಸ ಗಾಡಿ. ಲೇನ್ ಬಿಟ್ಟರೆ ಸ್ಟೀರಿಂಗನ್ನು ತಾನೇ ಎಳೆಯುತ್ತದೆ, ಮುಂದಿನ ಗಾಡಿಯ ವೇಗಕ್ಕೆ ತನ್ನ ವೇಗ ಹೊಂದಿಸಿಕೊಳ್ಳುತ್ತದೆ (ಇದಕ್ಕೆ ಕ್ರೂಸ್ ಎನ್ನುತ್ತಾರೆ), ಬೇಕಾದರೆ ಬ್ರೇಕನ್ನೂ ಹಾಕುತ್ತದೆ. ಎರಡನೇ ಹಂತದ ಸ್ವಯಂಚಾಲನೆ ಎಂದರೆ ಇದೇ. ಹೊಣೆ ಮಾತ್ರ ಪೂರ್ತಿ ಡ್ರೈವರಿನದು. ಹುಣಸೂರು, ಪಿರಿಯಾಪಟ್ಟಣದ ಕಡೆಯ ನೇರ ರಸ್ತೆಯ ವಿಡಿಯೊಗಳಲ್ಲಿ ಈ ಗಾಡಿಯ ಡ್ರೈವರ್ ಕಣ್ಣು ಉಳಿದವರಿಗಿಂತ ಹೆಚ್ಚು ಸಲ ಆಚೆ ಹೋಗಿತ್ತು. ಅವನು ಸೋಮಾರಿಯಲ್ಲ, ನನ್ನಲ್ಲಿರುವವರಲ್ಲೇ ಒಳ್ಳೆಯ ಡ್ರೈವರ್. ಮಾಡಲು ಕೆಲಸವಿಲ್ಲದೆ ಬರೀ ಕಾವಲು ಕಾಯುವುದು ಮನುಷ್ಯನಿಗೆ ಒಗ್ಗುವುದಿಲ್ಲ. ರೇಡಾರ್ ಕಾಯುವವರ ವಿಷಯ ತಿಳಿಯಲು ಹೊರಟ ನಾರ್ಮನ್ ಮ್ಯಾಕ್‌ವರ್ತ್ ಎಂಬ ಬ್ರಿಟಿಷ್ ಮನೋವಿಜ್ಞಾನಿ, ಅರ್ಧ ಗಂಟೆಯಲ್ಲೇ ಎಚ್ಚರ ಕುಸಿಯುವುದನ್ನು 1948ರಲ್ಲಿ ತೋರಿಸಿದ್ದರು. ಸುಲಭದ ಕೆಲಸವನ್ನೆಲ್ಲ ಯಂತ್ರ ತಾನು ಇಟ್ಟುಕೊಂಡು ಕಷ್ಟದ್ದನ್ನು ಮನುಷ್ಯನಿಗೆ ಬಿಡುತ್ತದೆ ಎಂದು ಲಿಸಾನ್ ಬೇನ್‌ಬ್ರಿಜ್ ಎಂಬ ಮನೋವಿಜ್ಞಾನಿ 1983ರಲ್ಲಿ ಬರೆದದ್ದು ನಮ್ಮ ಘಾಟಿಗೇ ಹೇಳಿದ ಹಾಗಿದೆ. ಮಂಜು ಕವಿದು ಬಿಳಿ ಗೆರೆ ಕಾಣದಾದ ಕೂಡಲೇ ಲೇನ್ ಹಿಡಿಯುವ ವ್ಯವಸ್ಥೆ ಕೈಬಿಡುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಒಂದು ಪುಟ್ಟ ಚಿಹ್ನೆಯ ಬಣ್ಣ ಬದಲಾಗುತ್ತದೆ, ಅಷ್ಟೆ. ಅದನ್ನು ನೋಡಬೇಕಾದರೂ ರಸ್ತೆಯಿಂದ ಕಣ್ಣು ತೆಗೆಯಬೇಕು!

ಅದಕ್ಕೇ ಕುಶಾಲನಗರ ದಾಟಿದ ಮೇಲೆ ಲೇನ್ ಹಿಡಿಯುವುದೂ ಕ್ರೂಸೂ ಆಫ್. ಗಾಡಿ ತಾನೇ ಬ್ರೇಕ್ ಹಾಕುವ ವ್ಯವಸ್ಥೆ ಮಾತ್ರ ಯಾವಾಗಲೂ ಆನ್. ತಿರುವಿನಲ್ಲಿ ಎದುರಿನ ಬಸ್ಸಿಗೆ ಅದು ಸುಮ್ಮನೆ ಕೂಗಿಕೊಂಡರೂ ಕೂಗಲಿ, ನಾವು ನೋಡದಿದ್ದಾಗ ಉಪಕಾರಕ್ಕೆ ಬರುವುದು ಅದೊಂದೇ. ಆನೆಕಾಡಿನಲ್ಲಿ ಅದನ್ನೂ ನಂಬಬೇಡಿ ಎಂದಿದ್ದೇನೆ. ಗಾಡಿಯ ಕೈಪಿಡಿಯಲ್ಲಿ ವಾಹನ, ಪಾದಚಾರಿ ಎಂದೆಲ್ಲ ಇದೆ, ಆನೆಯ ಸುದ್ದಿಯೇ ಇಲ್ಲ.

ನೋಟ್‌ಬುಕ್ಕಿನಲ್ಲಿ ಇನ್ನೂ ಬಗೆಹರಿಯದೆ ಉಳಿದಿರುವುದು ಮುಂದಿನ ಸೀಟಿನ ಅತಿಥಿ. "ಅಣ್ಣ, ಈ ಫಾಲ್ಸ್‌ಗೆ ಹೋಗೋಕಾಗತ್ತಾ ನೋಡಿ" ಎಂದು ಫೋನನ್ನು ಡ್ರೈವರ್ ಮುಖಕ್ಕೇ ಹಿಡಿಯುತ್ತಾರೆ. "ಹೆಸರು ಓದಿ ಹೇಳಿ ಸಾರ್" ಎನ್ನುವುದನ್ನು ಹುಡುಗರಿಗೆ ಅಭ್ಯಾಸ ಮಾಡಿಸುತ್ತಿದ್ದೇನೆ. ಡ್ರೈವರ್ ಒರಟ, ತಿರುಗಿಯೂ ನೋಡಲಿಲ್ಲ ಎಂದು ಒಬ್ಬರು ದೂರು ಹೇಳಿ ಹೋದರು. ಅವನಿಗೆ ಮರುದಿನದ ತಲಕಾವೇರಿ ಬಾಡಿಗೆ ಕೊಟ್ಟೆ.