ಕೃತಕ ಹುಲ್ಲಿನ ನಡುವೆ ಕಳೆ ಏಳದಿರಲು

ಮನೆ ಮುಂದೆ ಕೃತಕ ಹುಲ್ಲು ಹಾಸಿಸಿಕೊಂಡವರು ಮೊದಲ ಮಳೆಗಾಲ ಕಳೆಯುವ ಹೊತ್ತಿಗೆ ನನ್ನ ಹತ್ತಿರ ಒಂದೇ ಪ್ರಶ್ನೆ ತರುತ್ತಾರೆ: "ಅಜ್ಜಿ, ಇದು ಪ್ಲಾಸ್ಟಿಕ್ ಅಲ್ಲವೇ? ಇದರಲ್ಲಿ ಕಳೆ ಹೇಗೆ ಹುಟ್ಟಿತು?" ಮಾರುವವರು ನೀರುಣಿಸುವುದು ಬೇಡ, ಕತ್ತರಿಸುವುದು ಬೇಡ, ಕಳೆ ಕೀಳುವುದು ಬೇಡ ಎಂದು ಹೇಳಿರುತ್ತಾರೆ. ಮೊದಲ ಎರಡು ಮಾತು ನಿಜ. ಮೂರನೆಯದು ನಿಜವಾಗಬೇಕಾದರೆ ನಾವು ಕೆಲಸ ಮಾಡಬೇಕು. ಬೀಜ ಮೊಳೆಯುವುದಕ್ಕೆ ಹೊಲದಷ್ಟು ಮಣ್ಣು ಬೇಕಾಗಿಲ್ಲ, ಚಿಟಿಕೆ ದೂಳು ಮತ್ತು ಒಂದಿಷ್ಟು ತೇವ ಸಾಕು. ನಮ್ಮ ಬೀದಿಗಳಲ್ಲಿ ದೂಳಿಗೇನು ಬರವೇ?

ಕಳೆ ಬರುವುದು ಎರಡು ದಾರಿಗಳಲ್ಲಿ. ಹುಲ್ಲು ಹಾಸುವ ಮೊದಲೇ ನೆಲದಲ್ಲಿದ್ದ ಗಡ್ಡೆ, ಬೇರುಗಳಿಂದ ಚಿಗುರಿ, ಹಾಸಿನ ತಳದಲ್ಲಿ ನೀರು ಇಳಿಯಲು ಬಿಟ್ಟಿರುವ ತೂತುಗಳ ಮೂಲಕ ತಲೆ ಎತ್ತುವುದು ಒಂದು. ಗಾಳಿ, ಹಕ್ಕಿ, ಹೂಕುಂಡ, ಚಪ್ಪಲಿ ತಂದ ಬೀಜ ಮೇಲೆ ಕೂತ ದೂಳಿನಲ್ಲಿ ಮೊಳೆಯುವುದು ಇನ್ನೊಂದು. ಯಾವುದು ಯಾವುದೆಂದು ತಿಳಿಯಲು ಗಿಡದ ಬುಡವನ್ನು ಹಿಡಿದು ಮೆಲ್ಲಗೆ ಎಳೆದು ನೋಡಿ. ಬೇರು ಸಮೇತ ಸುಲಭವಾಗಿ ಕೈಗೆ ಬಂದರೆ ಅದು ಮೇಲಿನಿಂದ ಬಂದದ್ದು. ಎಳೆದರೂ ಬಾರದೆ ಹಾಸಿನ ಬಟ್ಟೆಯೇ ಮೇಲಕ್ಕೆ ಬರುತ್ತಿದ್ದರೆ ಅದರ ಬೇರು ಕೆಳಗಿನ ನೆಲದಲ್ಲಿದೆ. ಎರಡಕ್ಕೂ ಮದ್ದು ಬೇರೆ ಬೇರೆ. ಈ ವ್ಯತ್ಯಾಸ ನೋಡದೆ ಸಿಕ್ಕಿದ್ದನ್ನೆಲ್ಲ ಜಗ್ಗಿ ಕೀಳುವವರ ಮನೆಯಲ್ಲಿ ತೂತು ದೊಡ್ಡದಾಗುತ್ತದೆ, ಕಳೆಗೆ ಇನ್ನೂ ಅಗಲವಾದ ಬಾಗಿಲು ಸಿಗುತ್ತದೆ.

ಇನ್ನೂ ಹುಲ್ಲು ಹಾಸಿಸದವರಿಗೆ ನಾನು ಹೇಳುವುದು, ಹುಲ್ಲಿನ ಬಣ್ಣ, ಎತ್ತರ ನೋಡಲು ಅಂಗಡಿಗೆ ಹೋಗುವ ಮೊದಲು ನಿಮ್ಮ ನೆಲವನ್ನು ನೋಡಿ. ಅಲ್ಲಿ ಏನು ಬೆಳೆದಿದೆ? ಗರಿಕೆ ಇದೆಯೇ? ಜೇಕು ಇದೆಯೇ? ಕೆಲವರು ಇದನ್ನು ಕೊನ್ನಾರಿ ಗಡ್ಡೆ ಎನ್ನುತ್ತಾರೆ, ತುಂಗೆ ಎಂದೂ ಹೆಸರಿದೆ. ಮೂರು ಮೂಲೆಯ ದಂಟು, ಹೊಳೆಯುವ ಕಿರಿದಾದ ಎಲೆ, ಕಿತ್ತರೆ ಕೆಳಗೆ ಕಪ್ಪು ಗಡ್ಡೆ, ಮೂಸಿದರೆ ಒಂದು ಬಗೆಯ ಪರಿಮಳ. ಇದಿದ್ದರೆ ಆತುರ ಬೇಡ. ಉಳಿದ ಎಲ್ಲ ಕಳೆಗಳೂ ಒಂದು ತೂಕ, ಜೇಕು ಒಂದೇ ಒಂದು ತೂಕ. ಇದರ ಮೊಳಕೆಯ ತುದಿ ಸೂಜಿಯಂತೆ ಮೊನಚಾಗಿರುತ್ತದೆ, ಹಾಸಿದ ಪ್ಲಾಸ್ಟಿಕ್ ಹಾಳೆಯನ್ನೇ ಚುಚ್ಚಿಕೊಂಡು ಮೇಲೆ ಬರುತ್ತದೆ. ಒಂದು ಗಡ್ಡೆಯಿಂದ ಎಳೆ ಹೊರಟು ಇನ್ನೊಂದು ಗಡ್ಡೆ, ಅದರಿಂದ ಮತ್ತೊಂದು ಹೀಗೆ ನೆಲದೊಳಗೇ ಸರಪಳಿ ಬೆಳೆಯುತ್ತದೆ. ಒಂದೆರಡು ಸಲ ಎಲೆ ಕಿತ್ತರೆ ಗಡ್ಡೆಗೆ ಏನೂ ಆಗುವುದಿಲ್ಲ.

ಗಡ್ಡೆಗಳಲ್ಲಿ ಹೆಚ್ಚಿನವು ನೆಲದ ಮೇಲ್ಪದರದ ಒಂದು ಗೇಣಿನೊಳಗೇ ಇರುತ್ತವೆ ಎನ್ನುವುದು ನಮ್ಮ ಪುಣ್ಯ. ಆದ್ದರಿಂದ ಜೇಕು ಇರುವ ಜಾಗದಲ್ಲಿ ಗೇಣು ಆಳಕ್ಕೆ ಮಣ್ಣು ಅಗೆಸಿ, ಮುಂದೆ ನಿಂತು ಗಡ್ಡೆಗಳನ್ನು ಆರಿಸಿ ಹಾಕಿಸಿ. ಸಾಧ್ಯವಿದ್ದರೆ ಆ ಮಣ್ಣನ್ನೇ ಹೊರಗೆ ಸಾಗಿಸಿಬಿಡಿ. ಆದರೆ ಅದನ್ನು ಹಿತ್ತಿಲಿನ ಗಿಡಗಳಿಗೆ ಹಾಕಬೇಡಿ, ಪಕ್ಕದ ಖಾಲಿ ನಿವೇಶನಕ್ಕೂ ಸುರಿಯಬೇಡಿ. ಅಲ್ಲಿಂದ ಅದು ನಿಮ್ಮಲ್ಲಿಗೇ ತಿರುಗಿ ಬರುತ್ತದೆ.

ಅಗೆದಾದ ಮೇಲೆ ನೆಲವನ್ನು ಸಮ ಮಾಡಿ, ನೀರು ಹಾಕಿ, ಎರಡು ವಾರ ಬಿಡಿ. ಮಣ್ಣಿನಲ್ಲಿ ಅಡಗಿದ್ದ ಬೀಜಗಳು ಮೊಳೆಯುತ್ತವೆ. ಕೆಲಸದವರು ಇದನ್ನು ಕಂಡು ನಿಮ್ಮನ್ನು ವಿಚಿತ್ರವಾಗಿ ನೋಡಬಹುದು, ಕಳೆ ಬೇಡವೆನ್ನುವವರು ಕಳೆಗೆ ನೀರು ಹಾಕುತ್ತಿದ್ದಾರಲ್ಲ ಎಂದು. ಈಗ ಮೊಳೆತದ್ದು ಮುಂದೆ ಹುಲ್ಲಿನ ಕೆಳಗೆ ಮೊಳೆಯುವುದಿಲ್ಲ. ಮೊಳೆತದ್ದನ್ನು ಹೆರೆದು ತೆಗೆದು, ಇನ್ನೊಂದು ಸಲ ಹೀಗೆಯೇ ಮಾಡಿ. ಬಿಸಿಲು ಬಲವಾಗಿರುವ ಮಾರ್ಚ್‌ನಿಂದ ಮೇ ನಡುವೆ ಕೆಲಸ ಇಟ್ಟುಕೊಂಡರೆ ಇನ್ನೂ ಒಂದು ಅನುಕೂಲವಿದೆ. ಒದ್ದೆ ಮಾಡಿದ ನೆಲದ ಮೇಲೆ ತೆಳುವಾದ ಪಾರದರ್ಶಕ ಪಾಲಿಥೀನ್ ಹಾಳೆಯನ್ನು ಬಿಗಿಯಾಗಿ ಹೊದಿಸಿ, ಅಂಚುಗಳನ್ನು ಮಣ್ಣಿನಲ್ಲಿ ಹೂತು, 4ರಿಂದ 6 ವಾರ ಬಿಡಬೇಕು. ಬಿಸಿಲು ಹಾಳೆಯ ಒಳಗೆ ಹೋಗಿ ಅಲ್ಲಿಯೇ ಸಿಕ್ಕಿಕೊಳ್ಳುವುದರಿಂದ ಮೇಲಿನ ಮಣ್ಣು ಚೆನ್ನಾಗಿ ಕಾದು ಹೆಚ್ಚಿನ ಬೀಜಗಳು ಸಾಯುತ್ತವೆ. ಹಾಳೆ ಕಪ್ಪಗಿರಬಾರದು, ಪಾರದರ್ಶಕವೇ ಇರಬೇಕು, ಅದರಡಿಯಲ್ಲಿ ಮಣ್ಣು ಹೆಚ್ಚು ಕಾಯುತ್ತದೆ. ಜೇಕಿನ ಆಳದ ಗಡ್ಡೆಗೆ ಮಾತ್ರ ಈ ಶಾಖ ಸಾಲದು, ಅದನ್ನು ಮೊದಲೇ ಅಗೆದು ತೆಗೆಯಿರಿ ಎಂದದ್ದು ಅದಕ್ಕೇ.

ನೆಲ ಸಿದ್ಧವಾದ ಮೇಲೆ ಅದರ ಮೇಲೆ ನೇಯ್ಗೆಯಿಲ್ಲದ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಬೇಕು. ನೀರು ಇಳಿಯುತ್ತದೆ, ಬೇರು ಚಿಗುರುಗಳಿಗೆ ತಡೆಯಾಗುತ್ತದೆ. 100ರಿಂದ 150 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ) ತೂಕದ್ದು ಮನೆಯಂಗಳಕ್ಕೆ ಸಾಕು. ಎರಡು ಪಟ್ಟಿಗಳು ಸೇರುವಲ್ಲಿ ಅರ್ಧ ಅಡಿಯಾದರೂ ಒಂದರ ಮೇಲೊಂದು ಬರಲಿ, ಗೋಡೆಯ ಬುಡದಲ್ಲಿ ಸ್ವಲ್ಪ ಮೇಲಕ್ಕೆ ಮಡಚಿರಲಿ. ಖರ್ಚು ಉಳಿಸಲು ಟಾರ್ಪಾಲಿನ್ ಅಥವಾ ದಪ್ಪ ಪ್ಲಾಸ್ಟಿಕ್ ಹಾಕೋಣ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ನೀರು ಕೆಳಗಿಳಿಯದೆ ನಿಂತು ವಾಸನೆ ಬರುತ್ತದೆ, ಪಾಚಿ ಕಟ್ಟುತ್ತದೆ, ಸದಾ ಒದ್ದೆಯಾಗಿರುವ ಹಾಸಿನ ಮೇಲೆ ಬೀಜಗಳು ಸಲೀಸಾಗಿ ಮೊಳೆಯುತ್ತವೆ.

ಬಟ್ಟೆಯ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ಕ್ರಷರ್ ಪುಡಿ ಎನ್ನುವ ಕಲ್ಲುಪುಡಿ, ಎರಡೂ ಸೇರಿ ಮೂರು ನಾಲ್ಕು ಅಂಗುಲ. ನೀರು ಚಿಮುಕಿಸಿ ಚೆನ್ನಾಗಿ ಕುಟ್ಟಿಸಿ. ಎಂಟು ಅಡಿಗೆ ಒಂದು ಅಂಗುಲದಂತೆ ಚರಂಡಿಯ ಕಡೆಗೆ ಇಳಿಜಾರು ಇರಲಿ. ಸಮ ಮಾಡುವ ನೆಪದಲ್ಲಿ ಕೆಂಪು ಮಣ್ಣು ಹಾಕಲು ಬಿಡಬೇಡಿ. ಮಣ್ಣು ತೊಳೆದು ತೆಗೆದ ಫಿಲ್ಟರ್ ಮರಳೂ ಬೇಡ, ಅದರಲ್ಲಿ ಜೇಡಿ ಉಳಿದಿರುತ್ತದೆ, ಕಳೆಗೆ ಅದೇ ಊಟ. ಜೇಕು ಇದ್ದ ಜಾಗವಾದರೆ ಪುಡಿಯ ಮೇಲೆ, ಹುಲ್ಲಿನ ಅಡಿಗೆ, ಇನ್ನೊಂದು ಪದರ ಬಟ್ಟೆ ಹಾಸುವುದನ್ನು ನಾನು ಒತ್ತಾಯಿಸಿ ಹೇಳುತ್ತೇನೆ.

ಇಷ್ಟೆಲ್ಲ ಮಾಡಿದವರೂ ಕೈಬಿಡುವ ಜಾಗ ಅಂಚು. ಯಾರ ಮನೆಯ ಕೃತಕ ಹುಲ್ಲನ್ನಾದರೂ ನೋಡಿ, ನಡುವಿನಲ್ಲಿ ಕಳೆ ಕಡಿಮೆ, ಗೋಡೆಯ ಪಕ್ಕದಲ್ಲಿ, ಮೆಟ್ಟಿಲ ಬುಡದಲ್ಲಿ, ಎರಡು ಸುರುಳಿಗಳು ಕೂಡುವ ಗೆರೆಯಲ್ಲಿ ಸಾಲುಗಟ್ಟಿ ನಿಂತಿರುತ್ತದೆ. ಅಂಚಿಗೆ ಇಟ್ಟಿಗೆ ಅಥವಾ ಗ್ರಾನೈಟ್ ಪಟ್ಟಿಯನ್ನು ಸಿಮೆಂಟಿನಲ್ಲಿ ಕೂರಿಸಿ, ಹುಲ್ಲನ್ನು ಅದಕ್ಕೆ ತಾಗುವಂತೆ ಕತ್ತರಿಸಿ ಅಂಟಿಸಬೇಕು. ಬೆರಳು ತೂರುವಷ್ಟು ಸಂದು ಉಳಿದರೆ ದೂಳು ಅಲ್ಲಿಗೇ ಗುಡಿಸಿಕೊಂಡು ಹೋಗುತ್ತದೆ. ಕೂಡುವ ಗೆರೆಯ ಕೆಳಗೆ ಜೋಡಣೆ ಪಟ್ಟಿ ಹಾಕಿ ಪೂರ್ತಿ ಉದ್ದಕ್ಕೂ ಅಂಟು ಹಚ್ಚಿಸಿ, ಅಲ್ಲಲ್ಲಿ ಚುಕ್ಕೆ ಇಟ್ಟರೆ ಸಾಲದು. ಮರವಿದ್ದರೆ ಕಾಂಡದ ತನಕ ಹುಲ್ಲು ಒಯ್ಯಬೇಡಿ. ಸುತ್ತ ಎರಡು ಅಡಿ ಬಿಟ್ಟು ಬೆಣಚುಕಲ್ಲು ಹರಡಿ. ಮರಕ್ಕೂ ಉಸಿರಾಡಲು ಜಾಗ ಬೇಕು.

ಈಗಾಗಲೇ ಹಾಸಿಸಿಕೊಂಡು ಕಷ್ಟಪಡುತ್ತಿರುವವರು ಎಲ್ಲವನ್ನೂ ಕಿತ್ತುಹಾಕಬೇಕಾಗಿಲ್ಲ. ಬೇಸಿಗೆಯಲ್ಲಿ, ನೆಲ ಒಣಗಿರುವಾಗ, ಕಳೆ ಹೆಚ್ಚಾಗಿರುವ ಕಡೆಯ ಅಂಚನ್ನು ಬಿಡಿಸಿ ಮೂರು ನಾಲ್ಕು ಅಡಿ ಮಡಚಿ. ಕೆಳಗಿನ ಗಡ್ಡೆ ಬೇರುಗಳನ್ನು ಅಗೆದು ತೆಗೆದು, ಬಟ್ಟೆ ಹಾಸಿ, ಪುಡಿ ತುಂಬಿ, ಮತ್ತೆ ಅಂಟಿಸಿ. ಮುಂದಿನ ಬೇಸಿಗೆಗೆ ಇನ್ನೊಂದು ಪಕ್ಕ. ನಡುವೆ ಎಲ್ಲೋ ಒಂದು ಕಡೆ ಗರಿಕೆ ಅಥವಾ ಜೇಕು ಎದ್ದರೆ ಜಗ್ಗದೆ ಬುಡಕ್ಕೆ ಕತ್ತರಿ ಹಾಕಿ. ಎಲೆ ಬಂದಾಗಲೆಲ್ಲ ಬಿಡದೆ ಕತ್ತರಿಸುತ್ತಾ ಹೋದರೆ ಗಡ್ಡೆಯ ಶಕ್ತಿ ಕರಗುತ್ತದೆ. ತಾಳ್ಮೆಯ ಕೆಲಸ, ಆದರೆ ಹಾಸು ಹಾಳಾಗುವುದಿಲ್ಲ.

ಮೇಲಿನಿಂದ ಬರುವ ಕಳೆಗೆ ಪೊರಕೆಯೇ ಮದ್ದು. ತೆಂಗಿನ ಕಡ್ಡಿಯ ಪೊರಕೆ ಹಿಡಿದು ಎಸಳು ಬಾಗಿರುವ ದಿಕ್ಕಿಗೆ ವಿರುದ್ಧವಾಗಿ ಗುಡಿಸಿ, ಆಗ ಬುಡದಲ್ಲಿ ಕೂತ ದೂಳು ಮೇಲೆ ಬರುತ್ತದೆ, ಮಲಗಿದ ಎಸಳೂ ಎದ್ದು ನಿಲ್ಲುತ್ತದೆ. ವಾರಕ್ಕೊಮ್ಮೆ ಸಾಕು, ಹೊಂಗೆ ಎಲೆ ಉದುರಿಸಿ ಹೂ ಸುರಿಸುವ ದಿನಗಳಲ್ಲಿ ಮಾತ್ರ ದಿನವೂ ಬೇಕು. ಎಲೆ ಹೂಗಳು ಮಳೆಗೆ ನೆನೆದು ಕೊಳೆತರೆ ಅವೇ ಗೊಬ್ಬರ. ಮೊದಲು ಗುಡಿಸಿ ಆಮೇಲೆ ನೀರು ಹಾಯಿಸಿ, ಹಾಗೆ ಮಾಡದಿದ್ದರೆ ದೂಳೆಲ್ಲ ಕೆಸರಾಗಿ ತೂತುಗಳಲ್ಲಿ ಕೂರುತ್ತದೆ. ತಂತಿ ಬ್ರಷ್ ಮುಟ್ಟಿಸಬೇಡಿ, ಎಸಳು ಸೀಳುತ್ತದೆ. ಎಸಳು ನಿಲ್ಲಲು ಹಾಕುವ ಮರಳು ತೊಳೆದ ಸಿಲಿಕಾ ಮರಳೇ ಆಗಿರಲಿ.

ಬೀಜ ತರುವವರಲ್ಲಿ ನಾವೂ ಒಬ್ಬರು. ಹಕ್ಕಿಗಳಿಗೆ ನವಣೆ, ಸಜ್ಜೆ, ರಾಗಿ ಹಾಕುವ ತಟ್ಟೆಯನ್ನು ಹುಲ್ಲಿನ ಮೇಲೆ ಇಟ್ಟರೆ ಮಳೆ ಬಿದ್ದ ವಾರದಲ್ಲಿ ಪೈರು ಬರುತ್ತದೆ. ಹಕ್ಕಿಗೆ ಕಾಳು ಹಾಕಿ, ಖಂಡಿತ ಹಾಕಿ, ತಟ್ಟೆಯನ್ನು ಕಲ್ಲು ಹಾಸಿನ ಮೇಲೆ ಇಡಿ. ತುಳಸಿ, ನಿತ್ಯಪುಷ್ಪಗಳ ಕುಂಡ ಪಕ್ಕದಲ್ಲಿದ್ದರೆ ಅವುಗಳ ಬೀಜವೂ ಹುಲ್ಲಿಗೇ ಉದುರುತ್ತದೆ. ಕುಂಡಗಳನ್ನು ತಟ್ಟೆಯ ಮೇಲಿಟ್ಟು ಹುಲ್ಲಿನಿಂದ ಆಚೆ ಸರಿಸಿ. ಪೂರ್ತಿ ಕಳಿಯದ ಕೊಟ್ಟಿಗೆ ಗೊಬ್ಬರದ ತುಂಬ ಕಳೆಬೀಜವಿರುತ್ತದೆ, ಗೊಬ್ಬರ ಬೆರೆಸುವ ಕೆಲಸವನ್ನು ಹುಲ್ಲಿನ ಮೇಲೆ ಕೂತು ಮಾಡಬೇಡಿ.

ಇಷ್ಟರ ಮೇಲೂ ಮೊಳೆತ ಗಿಡವನ್ನು ಎರಡೆಲೆ ಇರುವಾಗಲೇ ತೆಗೆಯಿರಿ. ಮಳೆ ಬಂದ ಮರುದಿನ ಬೆಳಿಗ್ಗೆ ಬೇರು ಸಡಿಲವಾಗಿರುತ್ತದೆ. ಮೂರೆಲೆಯ ಪುಳ್ಳಂಪುರಚಿಯ ಕಾಯಿ ಬಲಿತರೆ ಮುಟ್ಟಿದ ಕೂಡಲೇ ಸಿಡಿದು ಬೀಜ ಸುತ್ತಲೂ ಎರಚುತ್ತದೆ, ಹಳದಿ ಹೂ ಕಂಡಾಗಲೇ ಕೀಳಬೇಕು. ಪಾರ್ಥೇನಿಯಂ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಒಂದು ಗಿಡ 10,000ಕ್ಕೂ ಹೆಚ್ಚು ಬೀಜ ಬಿಡಬಲ್ಲದು, ಅದರ ಸ್ಪರ್ಶದಿಂದ ಹಲವರಿಗೆ ಚರ್ಮ ತುರಿಸುತ್ತದೆ, ಉಬ್ಬಸವೂ ಬರುತ್ತದೆ. ಕೈಗವಸು ಹಾಕಿಕೊಂಡು, ಬಿಳಿ ಹೂ ಬರುವ ಮೊದಲೇ ಕಿತ್ತುಹಾಕಿ. ಮಕ್ಕಳ ಕೈಯಿಂದ ಕೀಳಿಸಬೇಡಿ.

ಕುದಿಯುವ ನೀರು ಸುರಿಯಿರಿ, ಉಪ್ಪು ಹಾಕಿ, ಸೀಮೆಎಣ್ಣೆ ಬಿಡಿ ಎಂದು ಸಲಹೆ ಕೊಡುವವರು ಬಹಳ. ಕುದಿನೀರಿಗೆ ಎಸಳು ಮೆತ್ತಗಾಗಿ ಸುರುಟಿಕೊಳ್ಳಬಹುದು, ಅಂಟು ಬಿಡಬಹುದು. ಉಪ್ಪು ಮಳೆನೀರಿನೊಂದಿಗೆ ಹರಿದು ಪಕ್ಕದ ದಾಸವಾಳ, ಮಲ್ಲಿಗೆಯ ಬೇರನ್ನು ಸುಡುತ್ತದೆ. ಸೀಮೆಎಣ್ಣೆ, ಪೆಟ್ರೋಲು ಹಾಸಿನ ತಳದ ರಬ್ಬರನ್ನೇ ತಿನ್ನುತ್ತವೆ. ಅಡುಗೆಮನೆಯ ವಿನೆಗರ್ ಎಳೆಯ ಸಸಿಯ ಎಲೆ ಸುಡುತ್ತದೆ, ಗರಿಕೆ ಜೇಕುಗಳ ಬೇರಿಗೆ ತಲುಪುವುದಿಲ್ಲ. ಇನ್ನು ಕಳೆನಾಶಕ. ಗ್ಲೈಫೋಸೇಟ್ ಬಳಕೆಯನ್ನು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಪರವಾನಗಿ ಪಡೆದ ಕೀಟ ನಿಯಂತ್ರಣದವರಿಗೆ ಮಾತ್ರ ಸೀಮಿತಗೊಳಿಸಿ ಆದೇಶ ಹೊರಡಿಸಿದೆ. ಆದೇಶದ ಮಾತು ಹಾಗಿರಲಿ, ಮಗು ಅಂಬೆಗಾಲಿಡುವ, ನಾಯಿ ಹೊರಳುವ ಜಾಗಕ್ಕೆ ವಿಷ ಸಿಂಪಡಿಸಲು ಮನಸ್ಸು ಹೇಗೆ ಬರುತ್ತದೆ? ಅರ್ಧ ಗಂಟೆ ಕೂತು ಕೈಯಲ್ಲಿ ಕೀಳುವಷ್ಟಕ್ಕೇ ಈ ಕೆಲಸ ಮುಗಿಯುತ್ತದೆ.

ಮಲೆನಾಡು, ಕರಾವಳಿಯ ಮನೆಗಳಲ್ಲಿ ಕಳೆಗಿಂತ ಮೊದಲು ಪಾಚಿ ಬರುತ್ತದೆ, ಪಾಚಿ ಹಿಡಿದ ಕಡೆ ಬೀಜ ಅಂಟಿಕೊಳ್ಳುತ್ತದೆ. ಅಲ್ಲಿ ಜಲ್ಲಿಯ ಪದರ ದಪ್ಪ ಮಾಡಿ, ಬದಿಗೆ ನೀರು ಹೋಗಲು ಕಾಲುವೆ ಬಿಡಿಸಿ, ಮಳೆ ಬಿಡುವು ಕೊಟ್ಟಾಗ ಗುಡಿಸಿ.

ತಾರಸಿಯ ಮೇಲೆ ಹಾಸಿಸಿಕೊಂಡವರಿಗೆ ಕೆಳಗಿನ ಕಳೆಯ ಚಿಂತೆ ಇಲ್ಲ, ಆದರೆ ಹಕ್ಕಿಯ ಹಿಕ್ಕೆಯಲ್ಲಿ ಬರುವ ಅರಳಿ, ಆಲದ ಬೀಜದ ಚಿಂತೆ ಇದ್ದೇ ಇದೆ. ನೀರು ಹೋಗುವ ಕೊಳವೆಯ ಬಾಯಿ, ಪ್ಯಾರಾಪೆಟ್ ಗೋಡೆಯ ಬುಡ, ಹುಲ್ಲಿನ ಅಂಚು ಇವುಗಳಲ್ಲಿ ಅದು ಮೊಳೆಯುತ್ತದೆ. ಬೆರಳುದ್ದ ಇರುವಾಗ ಎರಡು ಬೆರಳಿನಲ್ಲಿ ಬರುವ ಸಸಿ, ಬೇರು ಗಾರೆಯ ಬಿರುಕಿಗೆ ಇಳಿಸಿದ ಮೇಲೆ ಕಿತ್ತಷ್ಟೂ ಚಿಗುರುತ್ತದೆ, ಬಿರುಕು ಅಗಲಿಸಿ ಮನೆಯೊಳಗೆ ನೀರು ತರುತ್ತದೆ. ಜೂನ್‌ಗೆ ಮೊದಲು ಒಮ್ಮೆ, ಅಕ್ಟೋಬರ್ ಮಳೆ ನಿಂತ ಮೇಲೆ ಇನ್ನೊಮ್ಮೆ ಹಾಸಿನ ಅಂಚನ್ನು ಸುತ್ತಲೂ ಎತ್ತಿ ನೋಡಿ. ಬೇರು ಬಿರುಕಿನೊಳಗೆ ಹೋಗಿದ್ದರೆ ಗಾರೆಯವರನ್ನು ಕರೆಸಿ, ಬಿರುಕು ಬಿಡಿಸಿ ಬೇರು ಪೂರ್ತಿ ತೆಗೆಸಿ, ಸಂದನ್ನು ನೀರು ಸೋರದಂತೆ ಮುಚ್ಚಿಸಿದ ಮೇಲೆಯೇ ಹುಲ್ಲನ್ನು ಮತ್ತೆ ಹಾಸಿ.